ನಡುವಿನ ಎರಡು ಅಂಕಿ

“ಮೇಡಂ, ನೀವು ಲೆಕ್ಕದ ಟೀಚರೇನ್ರಿ?”

ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ಉತ್ತರಪತ್ರಿಕೆ ತಿದ್ದುತ್ತಿದ್ದ ದೇವಿಕಾ ತಲೆಯೆತ್ತಿದಳು. ಎದುರಿಗೆ ನಿಂತ ಯುವಕನ ತುಟಿ ಒಡೆದಿತ್ತು. ಅಂಗಿಯ ತೋಳು ಹರಿದಿತ್ತು.

“ಹೌದು. ಚಿತ್ತಾಪುರ ಕಾಲೇಜಿನಾಗ ಕಲಸ್ತೀನಿ. ಯಾಕ?”

“ನಾ ರತ್ನದೀಪ ರೀ. ನನ್ನ ಹೆಂಡತಿ ನಂಬರ್ ಬೇಕಾಗ್ಯಾದ. ನಡುವಿನ ಎರಡು ಅಂಕಿ ನೆನಪಾಗವಲ್ಲವು.”

“ಫೋನಿನಾಗ ಇಲ್ಲೇನು?”

“ಮನ್ಯಾಗ ಜಗಳ ಆತು, ಫೋನ್ ಒಡೀತು. ಆಕಿನ್ನ ತವರಿನವರು ಕರಕೊಂಡು ಹೋಗ್ಯಾರ. ಆಕಿ ಯಾರಿಗೂ ತಿಳೀದಂಗ ಹೊಸ ಸಿಮ್ ತಗೊಂಡಿದ್ಳು. ಲೆಕ್ಕಂದ್ರ ಭಾಳ ಹುಚ್ಚು ಆಕಿಗಿ. ಈ ಹತ್ತು ಅಂಕಿ ನಂಬರ್ ತೊಂಬತ್ತೊಂಬತ್ತರಿಂದ ಶೇಷ ಇಲ್ದಂಗ ಭಾಗ ಹೋಗ್ತದ ಅಂತ ಕುಣದಿದ್ಳು. ಅದರ ಮ್ಯಾಲಿಂದ ಹುಡುಕ್ಲಿಕ್ಕಿ ಬರ್ತದೇನ್ರಿ? ಆಕಿ ಎಲ್ಲಿ ಅದಾಳ ಅಂತ ಇವತ್ತೇ ತಿಳೀಬೇಕು.”

ನೆನಪಿದ್ದ ಎಂಟು ಅಂಕಿಗಳನ್ನು ಅವನು ಒಂದೊಂದಾಗಿ ಹೇಳಿದ.

ಲೆಕ್ಕ ಕಷ್ಟದ್ದಲ್ಲ. ಅಂಕಿಗಳನ್ನು ಎರಡೆರಡಾಗಿ ಬಿಡಿಸಿ ಕೂಡಿದರೆ ಬರುವ ಮೊತ್ತವೂ ತೊಂಬತ್ತೊಂಬತ್ತರಿಂದ ಭಾಗವಾಗಬೇಕು. ಅವನು ಹೇಳಿದ ನಾಲ್ಕು ಜೋಡಿಗಳನ್ನು ದೇವಿಕಾ ಕೂಡಿದಳು. ಮೊತ್ತ ಆಗಲೇ ಸರಿಯಾಗಿ ಭಾಗವಾಗುತ್ತಿತ್ತು. ಅಂದರೆ ನಡುವೆ ಎರಡು ಸೊನ್ನೆ ಇರಬೇಕು, ಇಲ್ಲವೇ ಎರಡು ಒಂಬತ್ತು.

“ಎರಡು ಸೊನ್ನೆ ಹಾಕಿ ನೋಡು” ಎಂದು ತನ್ನ ಫೋನನ್ನೇ ಕೊಟ್ಟಳು.

ಯಾರೋ ಗಂಡಸು ಎತ್ತಿ, ರಾಂಗ್ ನಂಬರ್ ಎಂದು ಬೈದಿಟ್ಟ. ರತ್ನದೀಪ ಅಲ್ಲೇ ಕುಳಿತು ಅಳತೊಡಗಿದ.

“ಬ್ಯಾರೆ ಏನಾರ ದಾರಿ ಅದೇನ್ರಿ ಮೇಡಂ? ಕೈ ಮುಗೀತೀನಿ.”

ದೇವಿಕಾಳಿಗೆ ತಂಗಿ ನೆನಪಾದಳು. ಹೊಡೆತ ತಾಳದೆ ಓಡಿ ಬಂದಿದ್ದ ಅವಳನ್ನು ಹುಡುಕುತ್ತ ಅವಳ ಗಂಡನೂ ಹೀಗೆಯೇ ಅತ್ತಿದ್ದ. ಯಾರೋ ಕನಿಕರದಿಂದ ವಿಳಾಸ ಕೊಟ್ಟಿದ್ದರು. ತಂಗಿ ಇಂದಿಗೂ ಊರುಗೋಲು ಹಿಡಿದೇ ನಡೆಯುತ್ತಾಳೆ.

“ಇಲ್ಲಪ್ಪ” ಎಂದಳು.

ಸೇಡಂ ಕಡೆಯ ಗಾಡಿ ಬಂದು ನಿಂತಿತು. “ಸೇಡಮಿನಾಗ ಆಕಿ ಸ್ವಾದರಮಾವ ಇದ್ದಾನ. ಅಲ್ಲೇ ಇರಬೇಕು” ಎನ್ನುತ್ತ ಅವನು ಓಡಿ ಹತ್ತಿದ.

ಗಾಡಿ ಕಣ್ಮರೆಯಾದ ಮೇಲೆ ದೇವಿಕಾ ನಡುವೆ ಎರಡು ಒಂಬತ್ತು ಸೇರಿಸಿ ಕರೆ ಮಾಡಿದಳು. ಆ ಹೆಣ್ಣುಮಗಳಿಗೆ ಎಚ್ಚರಿಕೆ ಹೇಳಬೇಕಿತ್ತು. ಮೊದಲ ರಿಂಗಿಗೇ ಫೋನ್ ಎತ್ತಿದರು.

“ನೋಡವ್ವ, ನಿನ್ನ ಗಂಡ ರತ್ನದೀಪ ನಿನ್ನ ಹುಡುಕ್ಲಿಕತ್ತಾನ. ಅಂಜಬ್ಯಾಡ, ಅವಗ ಈ ನಂಬರ್ ಕೊಟ್ಟಿಲ್ಲ. ಸೇಡಂ ಗಾಡಿ ಹತ್ತಿ ಹೋದ.”

ಆ ಕಡೆಯಿಂದ ಹೆಣ್ಣಿನ ಪಿಸುದನಿಯೊಂದು ಕೇಳಿತು.

“ಯಾಕ ಕೊಡಲಿಲ್ರೀ ಅಕ್ಕಾ? ಅವನ್ನ ಬಡದು ನನ್ನ ಎಳಕೊಂಡು ಬಂದವರು ನಮ್ಮ ಅಣ್ಣದೇರು. ಜಾತಿ ಬಿಟ್ಟು ಮದಿವಿ ಆದೆ ಅಂತ ಇಲ್ಲಿ ವಾಡಿ ಬಾಜೂಕ ಭಂಕೂರದಾಗ ಕೂಡಿಹಾಕ್ಯಾರ... ಈಗ ಬಾಗಲಾ ತಗೀಲಿಕತ್ತಾರ.”