ಬಣ್ಣದಡಿಯ ಕಬ್ಬಿಣ

ಇಷ್ಟು ಸಣ್ಣ ಸಂಗತಿಯನ್ನು ಕಥೆಯೆಂದು ಹೇಳಹೊರಟಿದ್ದಕ್ಕೆ ಕ್ಷಮೆಯಿರಲಿ.

"ಇನ್ನೊಮ್ಮೆ ಕೀಲಿ ತಿರುವ್ರಿ ಅಕ್ಕಾ," ಎಂದ ಸ್ಯಾಮ್ಸನ. ಗಿರಿಜಾಬಾಯಿ ತಿರುವಿದಳು. ಅವಳ ಹಳೆಯ ಪಿಕಪ್ ಟಕ್ಕೆಂದು ಸುಮ್ಮನಾಯಿತು. ಬರಗಾಲದಲ್ಲಿ ಸಂತಪುರಕ್ಕೆ ನೀರು ತರುವ ಗಾಡಿ ಅದು. ಇವತ್ತು ಹೊರಡದಿದ್ದರೆ ನಾಳೆ ಅವಳೂ ಕೂಲಿ ಹುಡುಕಿ ಗುಳೆ ಹೋಗುವವರ ಲಾರಿ ಹತ್ತಬೇಕು.

ಬ್ಯಾಟರಿ, ಫ್ಯೂಜು ಸರಿಯಿದ್ದವು. ಮನೆ ವೈರಿಂಗ್ ಅಷ್ಟೇ ಬಲ್ಲ ಸ್ಯಾಮ್ಸನ ಅಳುಕುತ್ತಲೇ, ಬ್ಯಾಟರಿಯಿಂದ ಗಾಡಿಯ ಮೈಗೆ ಬಿಗಿದಿದ್ದ ಅರ್ಥಿಂಗ್ ವೈರಿನ ಬೋಲ್ಟು ಬಿಚ್ಚಿದ. ಅದರಡಿಯ ಕಬ್ಬಿಣಕ್ಕೂ ಹಸಿರು ಬಣ್ಣ!

"ಇಲ್ಲಿನೂ ಬಳದೀರೇನ್ರಿ?"

"ನಿನ್ನಿ ದಸರಾ ಪೂಜಾಕ್ಕ ಎಲ್ಲಾ ಬಿಚ್ಚಿ ಬಳದೀನಪ್ಪ. ಅರ್ಧಾ ಬಿಟ್ರ ದೇವಿ ಸಿಟ್ಟಾಗಂಗಿಲ್ಲೇನು?"

"ದೇವಿ ಖುಷ್ ಆಗ್ಯಾಳ್ರಿ, ಕರೆಂಟ್ ಸಿಟ್ಟಾಗ್ಯಾದ. ಬಣ್ಣದಾಗ ಅದು ಹಾಯಂಗಿಲ್ಲ."

ಕಬ್ಬಿಣ ಬೆಳ್ಳಗೆ ಕಾಣುವವರೆಗೆ ಅವನು ಚಾಕುವಿನಿಂದ ಕೆರೆದು, ಬೋಲ್ಟು ಬಿಗಿದ. ಕೀಲಿ ತಿರುಗಿದ್ದೇ ಗಾಡಿ ಗುಡುಗಿತು. ಗಿರಿಜಾಬಾಯಿ ಇಳಿಯಲೇ ಇಲ್ಲ. "ಡ್ರಮ್ಮು ಏರಿಸ್ರಿ!" ಎಂದು ನೀರಿಗೆ ಕಾದಿದ್ದ ಓಣಿಯವರಿಗೆ ಕೂಗಿದಳು. ಮುಂದಿನ ಬೇಸಿಗೆ ದಾಟುವ ತನಕ ಗಾಡಿ ಓಡೀತೇ ಎಂಬುದು ಸ್ಯಾಮ್ಸನನಿಗೆ ಗೊತ್ತಿರಲಿಲ್ಲ.