ನಾರ್ಮಲ್ ರಿಪೋರ್ಟ್

ಥೈರಾಯ್ಡ್ ಮಾತ್ರೆ ಶುರುಮಾಡಿ ವರ್ಷವಾದರೂ ಕುಮುದಾಳ ಸುಸ್ತು ಹೋಗಿರಲಿಲ್ಲ. ಹೊಸ ರಿಪೋರ್ಟ್ ಹಿಡಿದು ಅಮ್ಮನ ಜೊತೆ ಡಾಕ್ಟರ ಮುಂದೆ ಕೂತಳು.

"ಟಿಎಸ್‌ಎಚ್ ಅಂಕಿ ನಾರ್ಮಲ್ ಇದೆಯಮ್ಮ," ಎಂದರು ಡಾಕ್ಟರು.

"ನಾನು ಹೇಳ್ಲಿಲ್ವಾ? ಕಾಯಿಲೆಯೂ ಇಲ್ಲ, ಏನೂ ಇಲ್ಲ. ಬರೀ ಸೋಮಾರಿತನ," ಎಂದಳು ಅಮ್ಮ.

ವಾದಿಸಲೂ ಶಕ್ತಿಯಿಲ್ಲದೆ ಕುಮುದಾ ತಲೆ ತಗ್ಗಿಸಿದಳು.

"ಹಾಗಲ್ಲ," ಎಂದರು ಡಾಕ್ಟರು. "ಮಾತ್ರೆಯಿಂದ ಆ ಅಂಕಿ ಸರಿಹೋಗಿದೆ, ಅಷ್ಟೆ. ಇಲ್ನೋಡಿ, ಆ್ಯಂಟಿಬಾಡಿ ತುಂಬಾ ಹೆಚ್ಚಿದೆ. ಇವರ ದೇಹವೇ ಥೈರಾಯ್ಡ್ ಗ್ರಂಥಿಯನ್ನ ಹಾಳುಮಾಡ್ತಿದೆ. ಕಾಯಿಲೆ ಇದೆ, ಈ ಸುಸ್ತೂ ಸುಳ್ಳಲ್ಲ. ಮನೇಲಿ ಬೇರೆ ಯಾರಿಗಾದ್ರೂ ಹೀಗಿದೆಯಾ?"

"ಯಾರಿಗೂ ಇಲ್ಲ," ಎಂದಳು ಕುಮುದಾ.

ಅಮ್ಮ ರಿಪೋರ್ಟನ್ನು ತನ್ನತ್ತ ಎಳೆದುಕೊಂಡಳು.

"ನನಗೂ ಮೂವತ್ತು ವರ್ಷದಿಂದ ಹೀಗೇ ಡಾಕ್ಟ್ರೇ. ಬೈಸ್ಕೋಬೇಕಲ್ಲ ಅಂತ ಯಾರಿಗೂ ಹೇಳ್ಲೇ ಇಲ್ಲ."