ಮಡುವಿನಲ್ಲಿ ಸದ್ದು

ಗುತ್ತೆಪ್ಪ ಯಾರ ಕಡೆಯವನೆಂದು ಭವ್ಯಾಳಿಗೆ ತಿಳಿಯಲಿಲ್ಲ. ತುಂಗಭದ್ರೆಯಲ್ಲಿ ಮೀನು ಹಿಡಿದೇ ಬದುಕಿದವನು. ಆದರೂ ಮೀನು ಓಡಿಸುವ ಅವಳ ಯಂತ್ರ ನಿಲ್ಲಬಾರದೆಂದು ದೋಣಿಯ ಹಗ್ಗ ಹಿಡಿದು ನಿಂತಿದ್ದ.

ಹೊಸ ಸೇತುವೆಗಾಗಿ ಹರಿಹರದ ಬಳಿ ನದಿಯ ತಳ ಅಳೆಯುವುದು ಎಂಜಿನಿಯರ್ ಭವ್ಯಾಳ ಕೆಲಸ. ಸದ್ದಿನ ಮಾರ್ದನಿಯಿಂದ ತಳ ಅಳೆಯಲು ದೋಣಿಗೆ ಕಟ್ಟಿದ ಗಾಳಿಬಂದೂಕು ಎಂಬ ಯಂತ್ರ ಹತ್ತು ಸೆಕೆಂಡಿಗೊಮ್ಮೆ ನೀರೊಳಗೆ ಸಿಡಿಯುತ್ತಿತ್ತು. ದಡದಲ್ಲಿ ಕೇಳುತ್ತಿದ್ದುದು ಮಂದವಾದ ಒಂದು ಗುದ್ದು. ಅದು ಅಂಗಾಲಿನಿಂದ ಎದೆಗೆ ಏರುತ್ತಿತ್ತು. ದಾವಣಗೆರೆಗೆ ಮರಳಿ ವಿನೋಬನಗರದ ಬಾಡಿಗೆ ಕೋಣೆ ಸೇರಿದರೂ ಅವಳನ್ನು ಬಿಡುತ್ತಿರಲಿಲ್ಲ.

ಮೊದಲ ದಿನವೇ ಗುತ್ತೆಪ್ಪ ಬಂದು ಕೇಳಿದ್ದ. "ಈ ಸದ್ದಿಗೆ ಮೀನು ಎಷ್ಟು ದೂರ ಹೋಗ್ತಾವ್ರಿ?"

"ಬಹಳ ದೂರ. ನಿಂತ ಮೇಲೆ ವಾಪಸ್ ಬರ್ತವೆ, ಹೆದರಬೇಡಿ."

ಅವನ ಮುಖ ಇಳಿದುಹೋಯಿತು. "ಹಂಗಾರೆ ನಿಲ್ಲಿಸಬ್ಯಾಡ್ರಿ. ಆ ಬಂಡೆ ಕೆಳಗ ಮಡು ಐತಲ್ಲ, ಅಲ್ಲೇ ಹೊಡೀರಿ."

ಅಂದಿನಿಂದ ಅವನು ಬಲೆ ಮುಟ್ಟಲಿಲ್ಲ, ದಡ ಬಿಟ್ಟು ಏಳಲಿಲ್ಲ. ಕೆರೆಮೀನಿನ ಗುತ್ತಿಗೆದಾರರು ಯಾರೋ ಇವನನ್ನು ಕೂರಿಸಿದ್ದಾರೆ ಎಂದುಕೊಂಡಳು ಭವ್ಯಾ. ನದಿಯ ಮೀನು ಹೋದರೆ ಲಾಭ ಅವರಿಗೇ ಅಲ್ಲವೆ?

ನಾಲ್ಕನೆಯ ದಿನ ದಾವಣಗೆರೆಯ ಮೀನು ವ್ಯಾಪಾರಿ ನಬೀ ಸಾಬ್ ಟೆಂಪೋದಿಂದ ಇಳಿಯುತ್ತಲೇ ಕೂಗಾಡಿದ. "ಒಂದು ಬುಟ್ಟಿ ಮೀನಿಲ್ಲ ಮೇಡಂ! ಮಾರ್ಕೆಟ್‌ನಾಗ ಏನ್ ಮಾರ್ಲಿ? ಬಂದ್ ಮಾಡ್ರಿ!"

ಉಳಿದ ಮೀನುಗಾರರ ಬಲೆಗಳೂ ಒಣಗಿದ್ದವು. ಆದರೆ ಒಬ್ಬನೂ ಅವನಿಗೆ ದನಿಗೂಡಿಸಲಿಲ್ಲ. ನೆಲ ನೋಡುತ್ತ ನಿಂತರು.

ಭವ್ಯಾ ಸ್ವಿಚ್ ಆರಿಸಿದಳು. ನದಿ ತಟ್ಟನೆ ಮೂಕವಾಯಿತು.

ಗುತ್ತೆಪ್ಪ ಮೊಣಕಾಲುದ್ದದ ನೀರಿಗೆ ಇಳಿದು ಕೈಮುಗಿದ. "ಇನ್ನೆರಡು ದಿನ ಹೊಡೀರಿ ತಾಯಿ..."

"ಯಾರು ಹೇಳಿಕೊಟ್ಟು ಕೂರಿಸಿದ್ದಾರೆ ನಿನ್ನನ್ನ?"

ಅವನು ಮಡುವಿನಿಂದ ಕಣ್ಣು ಕೀಳಲಿಲ್ಲ.

ಮುದುಕ ಮೀನುಗಾರ ವೀರೇಶ್ ದೋಣಿಯ ಹತ್ತಿರ ಬಂದು, ಭವ್ಯಾ ಮತ್ತು ನಬೀ ಸಾಬ್ ಇಬ್ಬರಿಗಷ್ಟೇ ಕೇಳುವಂತೆ ಮೆಲ್ಲಗೆ ಏನೋ ಹೇಳಿದ. ಭವ್ಯಾಳ ಕೈ ತಾನಾಗಿಯೇ ಸ್ವಿಚ್‌ಗೆ ಹೋಯಿತು. ಸಂಜೆಯವರೆಗೂ ಯಂತ್ರ ಗುದ್ದುತ್ತಲೇ ಇತ್ತು. ಬಂದ್ ಮಾಡ್ರಿ ಎಂದು ಕೂಗಿದ್ದ ನಬೀ ಸಾಬ್ ಗುತ್ತೆಪ್ಪನ ಹೆಗಲ ಮೇಲೆ ಕೈಯಿಟ್ಟು ಕೂತುಬಿಟ್ಟ.

ವೀರೇಶ್ ಹೇಳಿದ್ದು ಇಷ್ಟೇ: "ನಿಮಗ ತಿಳಿದ್ರೆ ಬೋಟ್ ನಿಲ್ಲಿಸ್ತೀರಂತ ಗುತ್ತೆಪ್ಪ ನಮ್ಮ ಬಾಯಿ ಕಟ್ಟಿದ್ದ ಮೇಡಂ, ನೀವು ಬರೋ ಹಿಂದಿನ ದಿನ ಅವನ ಮಗಳು ಆ ಮಡುವಿನಾಗ ಮುಳುಗಿದ್ಲು, ಇನ್ನೂ ಸಿಕ್ಕಿಲ್ಲ, ಸಿಗೋ ತನಕ ಮೀನು ಅವಳ ಹತ್ರ ಸುಳೀಬಾರ್ದಂತ."